ಮಿಥ್ಯಾಚಾರಿ ವೈದ್ಯನೂ ಪರಿಷತ್ತಿನ ದಂಡವೂ

1

ವೈದ್ಯನು ತನ್ನ ವೃತ್ತಿಯಲ್ಲಿ ಧರ್ಮವನ್ನು ಮೀರಿ ನಡೆದರೆ ಅವನನ್ನು ದಂಡಿಸತಕ್ಕವರಾರು? ರಾಜನೇ, ಅಥವಾ ಸಮಾನವಿದ್ಯರಾದ ಇತರ ವೈದ್ಯರೇ? ಈ ಪ್ರಶ್ನೆಗೆ ನಮ್ಮ ಪ್ರಾಚೀನ ಗ್ರಂಥಗಳು ಒಂದು ಬಗೆಯ ಉತ್ತರವನ್ನೂ ಈಚಿನ ಶಾಸನಗಳು ಇನ್ನೊಂದು ಬಗೆಯ ಉತ್ತರವನ್ನೂ ಕೊಟ್ಟಿವೆ. ಈ ರಾಜ್ಯದಲ್ಲಿ ಪಾಶ್ಚಾತ್ಯ ವೈದ್ಯರ ಮೇಲೆ ಇಂತಹ ಅಧಿಕಾರವನ್ನು ಹೊಂದಿರುವ ಸಭೆಗೆ ಕರ್ನಾಟಕ ವೈದ್ಯಕೀಯ ಪರಿಷತ್ತೆಂದು ಹೆಸರು. 'ಪರಿಷತ್ತು' ಎಂಬ ಈ ಮಾತು ಇಂಗ್ಲಿಷಿನ ಪದವೊಂದಕ್ಕೆ ಪ್ರತಿಯಾಗಿ ಬಂದಿರುವುದಾದರೂ ಧರ್ಮಶಾಸ್ತ್ರವನ್ನು ವ್ಯಾಸಂಗಮಾಡಿದವರಿಗೆ ಅದು ಹೊಸತಲ್ಲ. ಧರ್ಮದಲ್ಲಿ ಸಂಶಯ ಬಂದಾಗ ನಿರ್ಣಯ ಹೇಳುವ ವಿದ್ವತ್ಸಭೆಗೆ ಸ್ಮೃತಿಕಾರರು ಇಟ್ಟ ಹೆಸರೇ ಅದು. ಹೆಸರು ಒಂದೇ ಆದಮಾತ್ರಕ್ಕೆ ವಸ್ತುವೂ ಒಂದೇ ಆಗಿದೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ನಿದರ್ಶನವಾಗಿ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಎಂಬ ಕಾಫಿಯ ಮಲೆಗಳನ್ನು ತೆಗೆದುಕೊಂಡಿದ್ದೇವೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, 1956ರವರೆಗೆ ಈ ಘಟ್ಟದ ನೆತ್ತಿಯೇ ಎರಡು ರಾಜ್ಯಗಳ ಎಲ್ಲೆಯಾಗಿದ್ದಿತು; ಮೇಲಿನ ವೈದ್ಯನಿಗೆ ಒಂದು ಕಟ್ಟಳೆ, ಕೆಳಗಿನ ವೈದ್ಯನಿಗೆ ಇನ್ನೊಂದು ಕಟ್ಟಳೆ. ಎರಡನೆಯದಾಗಿ, ಪದವೀಧರನಾದ ವೈದ್ಯ, ಪಟ್ಟಿಯಲ್ಲಿ ಸೇರಿದ ಆಯುರ್ವೇದ ವೈದ್ಯ, ಯಾವ ಪಟ್ಟಿಯಲ್ಲಿಯೂ ಇಲ್ಲದ ನಾಟಿವೈದ್ಯ ಎಂಬ ಮೂವರೂ ಇಲ್ಲಿ ಒಂದೇ ರೋಗಿಯ ಬಾಗಿಲಿಗೆ ಬರುವವರು. ವೈದ್ಯದಂಡದ ಬಲವೂ ದೌರ್ಬಲ್ಯವೂ ಇಂತಹ ನಾಡಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

2

ಮೊದಲು ರಾಜದಂಡದ ವಿಷಯ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ವೈದ್ಯನ ಅಪರಾಧಗಳು ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದ ಮೊದಲ ಅಧ್ಯಾಯದಲ್ಲಿಯೇ ಬಂದಿವೆ. ನೇಕಾರ, ಅಗಸ, ಅಕ್ಕಸಾಲೆ ಮೊದಲಾದ ಕಸಬುದಾರರಿಂದ ಪ್ರಜೆಗಳನ್ನು ರಕ್ಷಿಸುವ ಪ್ರಕರಣವದು. ಪ್ರಾಣಾಪಾಯವುಳ್ಳ ರೋಗವನ್ನು ಅಧಿಕಾರಿಗಳಿಗೆ ತಿಳಿಸದೆ ಚಿಕಿತ್ಸೆಗೆ ತೊಡಗಿ ರೋಗಿಯು ಸತ್ತರೆ ಪೂರ್ವಸಾಹಸದಂಡ; ಚಿಕಿತ್ಸೆಯ ದೋಷದಿಂದಲೇ ಸತ್ತರೆ ಮಧ್ಯಮಸಾಹಸದಂಡ; ಮರ್ಮಸ್ಥಾನಕ್ಕೆ ಘಾತವಾಗಿ ಅಂಗವೈಕಲ್ಯವುಂಟಾದರೆ ಹೊಡೆದು ಗಾಯಮಾಡಿದವನಿಗೆ ವಿಧಿಸುವ ದಂಡಪಾರುಷ್ಯದ ನಿಯಮ. ಇಲ್ಲಿ ಮೂರು ವಿಷಯಗಳು ಬೇರೆಬೇರೆಯಾಗಿ ನಿಂತಿರುವುದನ್ನು ಗಮನಿಸತಕ್ಕುದು. ತಿಳಿಸದಿರುವುದು ಒಂದು ತಪ್ಪು, ಕರ್ಮದಲ್ಲಿ ಎಡವುವುದು ಇನ್ನೊಂದು, ದೇಹಕ್ಕೆ ಹಾನಿಮಾಡುವುದು ಮತ್ತೊಂದು.

ಮನುವು ಸರಿಯಾಗಿ ನಡೆಯದ ಚಿಕಿತ್ಸಕರನ್ನು ಬಹಿರಂಗವಾಗಿ ವಂಚಿಸುವವರ ಸಾಲಿನಲ್ಲಿ ಎಣಿಸಿ, ಪಶುಗಳ ವಿಷಯದಲ್ಲಿ ಪ್ರಥಮ, ಮನುಷ್ಯರ ವಿಷಯದಲ್ಲಿ ಮಧ್ಯಮ ಎಂದು ದಂಡವನ್ನು ಎರಡಾಗಿ ವಿಂಗಡಿಸಿರುವನು. ಯಾಜ್ಞವಲ್ಕ್ಯನು ಇದಕ್ಕೆ ಮೂರನೆಯ ಮೆಟ್ಟಲನ್ನು ಸೇರಿಸಿ, ರೋಗಿಯು ರಾಜಪುರುಷನಾಗಿದ್ದರೆ ಉತ್ತಮಸಾಹಸವೆಂದು ಹೇಳಿರುವನು. ಅವನ ಎಣಿಕೆಯಲ್ಲಿ ಉತ್ತಮಸಾಹಸವು 1080 ಪಣ, ಮಧ್ಯಮವು ಅದರರ್ಧ 540, ಕೆಳಗಿನದು 270. ದೋಷವು ಒಂದೇ ಆಗಿದ್ದರೂ ರೋಗಿಯ ಅಂತಸ್ತಿಗೆ ತಕ್ಕಂತೆ ದಂಡವು ಏರುತ್ತಿದ್ದಿತೆಂಬುದು ಇದರಿಂದ ತಿಳಿಯುತ್ತದೆ.

ಈ ಶ್ಲೋಕದಲ್ಲಿ ಮುಖ್ಯವಾದ ಮಾತು 'ಮಿಥ್ಯಾ' ಎಂಬುದು. ಮಿಥ್ಯಾಚರಣೆ ಎಂದರೆ ತಪ್ಪು ಚಿಕಿತ್ಸೆಯೋ, ಸುಳ್ಳು ವೇಷವೋ? ಇದಕ್ಕೆ ಉತ್ತರ ಕೊಟ್ಟವನು ನಮ್ಮ ನಾಡಿನವನು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ, ಆಯುರ್ವೇದವನ್ನು ಅರಿಯದವನಾಗಿದ್ದೂ ಹೊಟ್ಟೆಪಾಡಿಗಾಗಿ ತನ್ನನ್ನು ಚಿಕಿತ್ಸಾಜ್ಞನೆಂದು ಹೇಳಿಕೊಂಡು ಚಿಕಿತ್ಸೆಮಾಡುವವನೇ ಈ ದಂಡಕ್ಕೆ ಗುರಿಯೆಂದು ಅರ್ಥಮಾಡಿರುವನು. ಎಂದರೆ ಅವನ ಮತದಲ್ಲಿ ಇದು ಬಲ್ಲವನ ಪ್ರಮಾದಕ್ಕೆ ಹೇಳಿದ ದಂಡವಲ್ಲ. ಅರಿಯದವನು ಅರಿತವನಂತೆ ನಟಿಸುವುದಕ್ಕೆ ಹೇಳಿದ ದಂಡ. ಈ ವ್ಯಾಖ್ಯಾನವನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಾಗುವುದು.

3

ವೈದ್ಯಗ್ರಂಥಗಳು ಇದೇ ವಿಷಯವನ್ನು ಒಳಗಿನಿಂದ ನೋಡಿವೆ. ಶಾಸ್ತ್ರವನ್ನು ಓದಿ, ಅರ್ಥವನ್ನು ಗ್ರಹಿಸಿ, ಕರ್ಮವನ್ನು ಕಣ್ಣಾರೆ ಕಂಡು, ಕೈಯಾರೆ ಅಭ್ಯಾಸಮಾಡಿ, ಆಮೇಲೆ ರಾಜನ ಅನುಜ್ಞೆಯನ್ನು ಪಡೆದೇ ವೈದ್ಯನು ಚಿಕಿತ್ಸೆಗಾಗಿ ಬೀದಿಗಿಳಿಯಬೇಕೆಂದು ಸುಶ್ರುತನು ಸೂತ್ರಸ್ಥಾನದಲ್ಲಿ ವಿಧಿಸಿರುವನು. ಉಗುರು ಕೂದಲುಗಳನ್ನು ಕತ್ತರಿಸಿಕೊಂಡು, ಬಿಳಿಯ ಬಟ್ಟೆಯುಟ್ಟು, ಕೊಡೆ ಕೋಲು ಪಾದರಕ್ಷೆಗಳೊಡನೆ ಹೊರಡತಕ್ಕುದೆಂಬ ವೇಷನಿಯಮವೂ ಅಲ್ಲಿಯೇ ಬಂದಿದೆ. ರಾಜಾನುಜ್ಞೆಯೆಂಬ ಈ ಒಂದು ಪದದಲ್ಲಿ ಈಗಿನ ಪರವಾನಗಿಯ ಬೀಜವಿದೆ. ಶಾಸ್ತ್ರ, ಕರ್ಮ ಇವೆರಡರಲ್ಲಿ ಒಂದನ್ನು ಮಾತ್ರ ಬಲ್ಲವನನ್ನು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿ, ಲೋಭದಿಂದ ಜನರನ್ನು ಕೊಲ್ಲುವ ಕುವೈದ್ಯನು ಉಳಿದುಕೊಂಡಿರುವುದು ರಾಜನ ದೋಷದಿಂದಲೇ ಎಂದು ಸುಶ್ರುತನು ಹೇಳಿರುವನು.

ಚರಕನ ಅಭಿಪ್ರಾಯವೂ ಇದೇ. ಪ್ರಾಣಗಳನ್ನು ಕಾಯುವ ಪ್ರಾಣಾಭಿಸರರು, ರೋಗಗಳನ್ನೇ ಬೆಳೆಸುವ ರೋಗಾಭಿಸರರು ಎಂದು ವೈದ್ಯರನ್ನು ಎರಡು ವರ್ಗಮಾಡಿ, ಎರಡನೆಯವರು ವೈದ್ಯರ ಸೋಗಿನಿಂದ ನಾಡಿನಲ್ಲಿ ಸಂಚರಿಸುವುದಕ್ಕೆ ರಾಜರ ಪ್ರಮಾದವೇ ಕಾರಣವೆಂದು ಅವನು ಹೇಳುವನು. ಹೀಗೆ ಇಬ್ಬರು ಸಂಹಿತಾಕಾರರೂ ಕುವೈದ್ಯನನ್ನು ನಿಂದಿಸಿದ ಉಸಿರಿನಲ್ಲಿಯೇ ಹೊಣೆಯನ್ನು ರಾಜನ ಮೇಲೆ ಹೊರಿಸಿರುವುದು ಗಮನಾರ್ಹವಾಗಿದೆ. ವೈದ್ಯರ ಸಂಘವೊಂದು ತನ್ನವರನ್ನು ತಾನೇ ದಂಡಿಸಬೇಕೆಂಬ ಮಾತು ಅಲ್ಲಿಲ್ಲ.

ಆದರೆ ಬಲ್ಲ ವೈದ್ಯನ ನಡತೆಗೆ ಕಟ್ಟುಪಾಡು ಇಲ್ಲದೆ ಇರಲಿಲ್ಲ. ಚರಕನ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರುವು ಅಗ್ನಿಸಾಕ್ಷಿಯಾಗಿ ಶಿಷ್ಯನಿಗೆ ಕೊಡುವ ಉಪದೇಶವು ಒಂದು ವೃತ್ತಿಸಂಹಿತೆಯೇ ಆಗಿದೆ. ರೋಗಿಯ ಮನೆಯ ಸಂಗತಿಯನ್ನು ಹೊರಗೆ ಆಡಬಾರದು. ಪರಿಚಿತನಾದವನೊಡನೆಯೇ, ಅನುಮತಿ ಪಡೆದೇ ಮನೆಯೊಳಕ್ಕೆ ಹೋಗಬೇಕು. ಜ್ಞಾನವುಳ್ಳವನಾದರೂ ತನ್ನ ಜ್ಞಾನವನ್ನು ಬಹಳವಾಗಿ ಹೊಗಳಿಕೊಳ್ಳಬಾರದು. ಇದನ್ನು ಮುರಿದವನಿಗೆ ಪಣಗಳ ದಂಡವಿಲ್ಲ. ಕಟ್ಟುಪಾಡು ಗುರುಶಿಷ್ಯರ ನಡುವಿನದು. ಅದನ್ನು ಕಾಯತಕ್ಕುದು ವೈದ್ಯನ ಅಂತಃಸಾಕ್ಷಿಯೂ ಕೀರ್ತಿಯೂ.

ಆದುದರಿಂದ ಪ್ರಾಚೀನರ ವ್ಯವಸ್ಥೆಯು ಎರಡು ಭಾಗಗಳದೆಂದು ಹೇಳಬಹುದು. ಮಿಥ್ಯಾವೈದ್ಯನು ರಾಜನ ಪಾಲು. ಸದ್ವೈದ್ಯನ ಶೀಲವು ಗುರುವಿನ ಪಾಲು. ಇವೆರಡರ ನಡುವೆ, ಬಲ್ಲವನಾಗಿದ್ದೂ ಶೀಲಗೆಟ್ಟವನಿಗೆ, ಒಂದು ದಂಡಸ್ಥಾನವು ಪ್ರತ್ಯೇಕವಾಗಿ ಏರ್ಪಡಲಿಲ್ಲ. ಈ ಬರಿದಾದ ಎಡೆಯನ್ನೇ ಈಚಿನ ಪರಿಷತ್ತುಗಳು ತುಂಬಿರುವುದು.

4

ಈ ನೂತನ ಪದ್ಧತಿಯು ಇಂಗ್ಲೆಂಡಿನಲ್ಲಿ 1858ರ ವೈದ್ಯಶಾಸನದಿಂದ ನೆಲೆಗೊಂಡಿತು. ಅದರ ಮೂಲವಸ್ತು ಒಂದು ಪಟ್ಟಿ. ಅರ್ಹರಾದವರ ಹೆಸರನ್ನು ಪಟ್ಟಿಯಲ್ಲಿ ಬರೆಯುವುದು, ವೃತ್ತಿಸಂಬಂಧವಾಗಿ ಅಪಕೀರ್ತಿಕರವಾಗಿ ನಡೆದವನ ಹೆಸರನ್ನು ಹೊಡೆದುಹಾಕುವುದು. ದಂಡವು ಹಣದ ಮೇಲಾಗಲಿ ದೇಹದ ಮೇಲಾಗಲಿ ಬೀಳದೆ ಹೆಸರಿನ ಮೇಲೆ ಬೀಳುವಂತಾದುದು ಇದರ ವಿಶೇಷ. ಯಾವ ನಡತೆ ಅಪಕೀರ್ತಿಕರವಾದುದೆಂಬುದನ್ನು ಶಾಸನವು ಬಿಡಿಸಿ ಹೇಳಲಿಲ್ಲ. ಪತ್ರಿಕೆಗಳಲ್ಲಿ ಇತರ ವೈದ್ಯರನ್ನು ಹಳಿದು ತನ್ನನ್ನು ಪ್ರಚಾರಮಾಡಿಕೊಂಡ ಆಲಿನ್‌ಸನ್ ಎಂಬ ವೈದ್ಯನ ಹೆಸರನ್ನು 1892ರಲ್ಲಿ ಪಟ್ಟಿಯಿಂದ ತೆಗೆದುಹಾಕಿದಾಗ ವಿಷಯವು ನ್ಯಾಯಾಲಯಕ್ಕೆ ಹೋಯಿತು. 1894ರಲ್ಲಿ ಮೇಲಿನ ನ್ಯಾಯಾಲಯವು ಕೊಟ್ಟ ಲಕ್ಷಣದ ತಾತ್ಪರ್ಯವಿಷ್ಟು: ಅದೇ ವೃತ್ತಿಯಲ್ಲಿ ಒಳ್ಳೆಯ ಹೆಸರನ್ನೂ ಸಾಮರ್ಥ್ಯವನ್ನೂ ಪಡೆದವರು ಯಾವ ನಡತೆಯನ್ನು ನಾಚಿಕೆಗೇಡೆಂದು ಭಾವಿಸುವರೋ ಅದೇ ಅಪಕೀರ್ತಿಕರವಾದ ನಡತೆ.

ಸಂಸ್ಕೃತಜ್ಞರಿಗೆ ಈ ಲಕ್ಷಣವು ಕೂಡಲೆ ಪರಿಚಿತವೆನಿಸುವುದು. ಧರ್ಮಕ್ಕೆ ಶ್ರುತಿಸ್ಮೃತಿಗಳ ತರುವಾಯ ಪ್ರಮಾಣವಾಗುವುದು ಸದಾಚಾರ, ಎಂದರೆ ಶಿಷ್ಟರ ನಡತೆ. ಆದರೆ ಶಿಷ್ಟರಾರು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುವುದು. ಶಿಷ್ಟರನ್ನು ಆರಿಸುವ ಕ್ರಮವು ಕೆಟ್ಟರೆ ಆಚಾರವೂ ಕೆಡುವುದು. ಭಾರತದಲ್ಲಿ ಈ ತೊಡಕು ಬೇಗನೆ ಕಾಣಿಸಿಕೊಂಡಿತು. 1912ರಲ್ಲಿ ಬೊಂಬಾಯಿ ಪ್ರಾಂತ್ಯದ, 1914ರಲ್ಲಿ ಮದರಾಸು ಪ್ರಾಂತ್ಯದ ಶಾಸನಗಳು ಬಂದುವು. ಅವು ಬಂದ ಕೆಲವೇ ವರ್ಷಗಳಲ್ಲಿ, ಆಯುರ್ವೇದ ವಿದ್ಯಾಲಯದೊಡನೆ ಸಂಬಂಧವಿಟ್ಟುಕೊಂಡುದೇ ದೋಷವೆಂದು ಬೊಂಬಾಯಿಯ ಪರಿಷತ್ತು ನೋಂದಾಯಿತ ವೈದ್ಯನ ಮೇಲೆ ಕ್ರಮ ಜರುಗಿಸಿದ ಪ್ರಸಂಗವು ನಡೆಯಿತು. ಅದೇ ಕಾಲದಲ್ಲಿ ಮೈಸೂರಿನಲ್ಲಿಯಾದರೋ ಸರ್ಕಾರವೇ 1908ರಿಂದ ಆಯುರ್ವೇದ ಕಾಲೇಜೊಂದನ್ನು ನಡೆಸುತ್ತಿದ್ದಿತು. ಒಂದು ಕಡೆ ರಾಜನು ಪೋಷಿಸಿದ ವಿದ್ಯೆಯ ಸಹವಾಸವು ಇನ್ನೊಂದು ಕಡೆ ಪಟ್ಟಿಯಿಂದ ಹೆಸರು ಹೋಗಲು ಕಾರಣವಾಗಬಹುದಾಗಿದ್ದಿತು. ಒಂದೇ ಶಾಸ್ತ್ರದವರು ಮಾತ್ರ ಶಿಷ್ಟರೆನಿಸಿಕೊಂಡಾಗ ಶೀಲದ ತೀರ್ಪಿನಲ್ಲಿ ಮತಭೇದದ ತೀರ್ಪು ಸೇರಿಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

5

ಇನ್ನು ನಮ್ಮ ಮಲೆಗಳ ವಿಷಯ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿಯ ಘಟ್ಟವನ್ನಿಳಿದರೆ ಬೆಳ್ತಂಗಡಿಯ ಸೀಮೆ. ಅದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮದರಾಸಿನ ಆಳಿಕೆಯಲ್ಲಿದ್ದಿತು. ಘಟ್ಟದ ಮೇಲಣ ಕಡೂರು ಜಿಲ್ಲೆಯು (1947ರಲ್ಲಿ ಅದಕ್ಕೆ ಚಿಕ್ಕಮಗಳೂರು ಜಿಲ್ಲೆಯೆಂದು ಹೆಸರಾಯಿತು) ಮೈಸೂರು ಸಂಸ್ಥಾನದ್ದು. ಮೈಸೂರಿನಲ್ಲಿ ವೈದ್ಯನೋಂದಣಿಯ ಶಾಸನವು ಬಂದುದು 1931ರಲ್ಲಿ. ಹೀಗೆ 1914ರಿಂದ 1931ರವರೆಗೆ ಹದಿನೇಳು ವರ್ಷಗಳ ಕಾಲ ಘಟ್ಟದ ಕೆಳಗೆ ಪಟ್ಟಿಯಿದ್ದಿತು, ಮೇಲೆ ಇರಲಿಲ್ಲ. ಮದರಾಸಿನ ಪಟ್ಟಿಯಿಂದ ಹೆಸರು ಕಳೆದುಕೊಂಡವನೊಬ್ಬನು ಒಂದು ದಿನದ ಪ್ರಯಾಣದಲ್ಲಿ ಮೂಡಿಗೆರೆಗೆ ಬಂದರೆ ಆ ದಂಡಕ್ಕೆ ಅಲ್ಲಿ ಯಾವ ಅರ್ಥವೂ ಇರುತ್ತಿರಲಿಲ್ಲ. ಯಾರಾದರೂ ಹಾಗೆ ಬಂದರೆಂಬುದು ನಮ್ಮ ವಾದವಲ್ಲ. ದಂಡದ ಆಕಾರವೇ ಹಾಗಿದ್ದಿತೆಂಬುದು ನಮ್ಮ ವಾದ. ಹೆಸರಿನ ಮೇಲೆ ಬೀಳುವ ದಂಡವು ಆ ಹೆಸರಿನ ಪಟ್ಟಿಯು ಸಲ್ಲುವ ಎಲ್ಲೆಯವರೆಗೆ ಮಾತ್ರ ನಡೆಯುವುದು.

ಆ ಮೊದಲ ಶಾಸನಗಳು ಪಟ್ಟಿಯಲ್ಲಿಲ್ಲದವನು ಚಿಕಿತ್ಸೆಮಾಡಕೂಡದೆಂದು ನಿಷೇಧಿಸಿರಲಿಲ್ಲ. ಅವನು ಕೊಡುವ ಪ್ರಮಾಣಪತ್ರ ಸಲ್ಲದು, ಅವನಿಗೆ ಸರ್ಕಾರದ ಉದ್ಯೋಗ ಸಿಕ್ಕದು, ಅಷ್ಟೆ. ಆದುದರಿಂದ ಮೇಲ್ಕಂಡ ದಂಡವು ಉದ್ಯೋಗವನ್ನೂ ಗೌರವವನ್ನೂ ಅಪೇಕ್ಷಿಸುವ ವೈದ್ಯನಿಗೆ ಸಿಡಿಲಿನಂತೆ, ಅವುಗಳನ್ನು ಅಪೇಕ್ಷಿಸದವನಿಗೆ ತುಂತುರುಮಳೆಯಂತೆ ಇದ್ದಿತು. ಆ ದಿನಗಳಲ್ಲಿ ಮಲೆನಾಡು ಮಲೇರಿಯಾ ಜ್ವರದಿಂದ ಬಳಲುತ್ತಿದ್ದಿತು. 1930ರ ಆಸುಪಾಸಿನಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆ ರೋಗದ ಅಧ್ಯಯನಕ್ಕಾಗಿ ತೆರೆದ ಕೇಂದ್ರಗಳಲ್ಲಿ ಮೂಡಿಗೆರೆಯೂ ಒಂದಾಗಿದ್ದಿತೆಂಬುದರಿಂದಲೇ ಅಲ್ಲಿಯ ಸ್ಥಿತಿಯನ್ನು ಊಹಿಸಬಹುದು. ವೈದ್ಯನಿಗಾಗಿ ಹಂಬಲಿಸುವ ಇಂತಹ ನಾಡಿನಲ್ಲಿ ಬಂದ ವೈದ್ಯನ ಹೆಸರು ಯಾವ ಪಟ್ಟಿಯಲ್ಲಿದೆಯೆಂದು ಕೇಳುವವರಾರು?

1956ನೆಯ ವರ್ಷವು ಈ ಎಲ್ಲೆಯನ್ನು ಎರಡು ವಿಧದಲ್ಲಿ ಅಳಿಸಿಹಾಕಿತು. ನವೆಂಬರ್ 1ರಂದು ಘಟ್ಟದ ಮೇಲಣ ಕೆಳಗಣ ಸೀಮೆಗಳು ಒಂದೇ ರಾಜ್ಯವಾದುವು. ಅದೇ ಡಿಸೆಂಬರಿನಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಹೊಸ ಶಾಸನವು ಅಖಿಲ ಭಾರತಕ್ಕೆ ಒಂದು ಪಟ್ಟಿಯನ್ನು ಕಲ್ಪಿಸಿ, ರಾಜ್ಯದ ಪಟ್ಟಿಯಿಂದ ಹೋದ ಹೆಸರು ಅದರಿಂದಲೂ ಹೋಗುವಂತೆ ಮಾಡಿತು. 1961ರ ಶಾಸನವು ರಾಜ್ಯದ ಬೇರೆಬೇರೆ ಪ್ರಾಂತ್ಯಗಳಲ್ಲಿ ಉಳಿದಿದ್ದ ಹಳೆಯ ಕಾನೂನುಗಳನ್ನು ಒಂದುಗೂಡಿಸಿತು. ಆಯುರ್ವೇದ, ಯುನಾನಿ ಮೊದಲಾದ ಪದ್ಧತಿಗಳವರಿಗೂ ಅದೇ 1961ರ ಹೆಸರಿನ ಇನ್ನೊಂದು ಶಾಸನದಿಂದ ಪ್ರತ್ಯೇಕವಾದ ಪಟ್ಟಿಯೂ ಮಂಡಲಿಯೂ ಏರ್ಪಟ್ಟುವು. ಭೂಮಿಯ ಎಲ್ಲೆ ಹೋಯಿತು. ವಿದ್ಯೆಗಳ ಎಲ್ಲೆ ಉಳಿಯಿತು.

6

ಈಗಿನ ದಂಡಕ್ರಮದ ಸಾರವನ್ನು ಹೇಳುವುದು ಅವಶ್ಯಕ. 2002ರಲ್ಲಿ ಪ್ರಕಟವಾದ ವೃತ್ತಿನಡತೆಯ ನಿಯಮಾವಳಿಯೇ ಇದಕ್ಕೆ ಆಧಾರ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಾವಳಿಯನ್ನು ಹೊರಡಿಸಿತಾದರೂ, ಅದೇ ತಿಂಗಳು 23ರಂದು ಅದನ್ನು ತಡೆಹಿಡಿದು ಹಳೆಯದನ್ನೇ ಮತ್ತೆ ಜಾರಿಗೆ ತಂದಿತು. ಇದರ ಮೇರೆಗೆ ವೈದ್ಯನು ತನ್ನ ನೋಂದಣಿಯ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ ಔಷಧದ ಚೀಟಿಯಲ್ಲಿಯೂ ಕಾಣಿಸಬೇಕು. ರೋಗಿಯು ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ರೋಗಿಯನ್ನು ಕಳುಹಿಸಿದುದಕ್ಕಾಗಿ ದಲ್ಲಾಳಿಯಂತೆ ಕಮಿಷನ್ನು ಪಡೆಯಬಾರದು. ಸುಳ್ಳು ಪ್ರಮಾಣಪತ್ರಕ್ಕೆ ಸಹಿಹಾಕಬಾರದು. ದೂರು ಬಂದರೆ ಪರಿಷತ್ತು ವೈದ್ಯನಿಗೆ ತಾನಾಗಿಯೋ ವಕೀಲರ ಮೂಲಕವೋ ಉತ್ತರ ಹೇಳಿಕೊಳ್ಳಲು ಅವಕಾಶಕೊಟ್ಟು, ಆರು ತಿಂಗಳೊಳಗೆ ತೀರ್ಮಾನಿಸತಕ್ಕುದು. ಎಚ್ಚರಿಕೆ ಕೊಡಬಹುದು, ಕ್ಲುಪ್ತಕಾಲಕ್ಕೋ ಶಾಶ್ವತವಾಗಿಯೋ ಹೆಸರನ್ನು ತೆಗೆಯಬಹುದು, ತೆಗೆದುದನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅಸಾಮರ್ಥ್ಯದ ವಿಚಾರವನ್ನು ಸಮಾನವಿದ್ಯರೇ ನಿರ್ಣಯಿಸಬೇಕು.

ಪಟ್ಟಿಯಲ್ಲಿಲ್ಲದೆ ವೈದ್ಯವೃತ್ತಿ ನಡೆಸುವವನ ದಂಡವಾದರೋ ಬೇರೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಶಾಸನವು ಅವನಿಗೆ ಒಂದು ವರ್ಷದವರೆಗೆ ಸೆರೆ, ಅಥವಾ ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಿದೆ. ಅವನನ್ನು ಹಿಡಿಯತಕ್ಕವರು ಸರ್ಕಾರದವರು. ಮಿಥ್ಯಾವೈದ್ಯನು ರಾಜನ ಪಾಲೆಂಬ ಹಳೆಯ ವಿಭಾಗವೇ ಇಲ್ಲಿ ಹಿಂದಿರುಗಿದೆ. ಒಂದು ಪದ್ಧತಿಯಲ್ಲಿ ಅರ್ಹನಾದವನು ತಾನು ಕಲಿಯದ ಇನ್ನೊಂದು ಪದ್ಧತಿಯ ಔಷಧವನ್ನು ಕೊಟ್ಟರೆ ಅವನೂ ಹುಸಿವೈದ್ಯನೇ ಎಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ವಿಜ್ಞಾನೇಶ್ವರನು ಮಿಥ್ಯಾಶಬ್ದಕ್ಕೆ ಹೇಳಿದ ಅರ್ಥವೂ ಇದೇ ಅಲ್ಲವೇ? ಪರಿಣಾಮವು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬುದಕ್ಕಿಂತ ಮೊದಲು, ಅರಿಯದೆ ಅರಿತಂತೆ ನಡೆದುದೇ ದೋಷ. ಒಂಬೈನೂರು ವರ್ಷಗಳ ಅಂತರದಲ್ಲಿ ಇಬ್ಬರು ನಿರ್ಣೇತೃಗಳು ಒಂದೇ ನೆಲೆಗೆ ಬಂದಿರುವರು.

ರೋಗಿಯ ಪಾಲಿಗೆ ಮುಖ್ಯವಾದ ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. 2004ರಲ್ಲಿ ಸೇರಿಸಿದ ನಿಯಮವು ರಾಜ್ಯಪರಿಷತ್ತಿನ ತೀರ್ಮಾನದಿಂದ ಬಾಧಿತನಾದ ಯಾವನಿಗೇ ಆಗಲಿ 60 ದಿನಗಳೊಳಗೆ ಮೇಲ್ಮನವಿಯ ಹಕ್ಕನ್ನು ಕೊಟ್ಟಿದ್ದಿತು. 2019ರ ಶಾಸನದ 30ನೆಯ ಪ್ರಕರಣವು ಆ ಹಕ್ಕನ್ನು ವೈದ್ಯನಿಗೆ ಮಾತ್ರ ಹೇಳಿದೆ. ದೂರುಕೊಟ್ಟವನ ಮಾತೇ ಅಲ್ಲಿಲ್ಲ. ವಾದಿಪ್ರತಿವಾದಿಗಳಲ್ಲಿ ಒಬ್ಬನಿಗೆ ಮಾತ್ರ ಪುನರ್ವಿಚಾರದ ಬಾಗಿಲು ತೆರೆದಿರುವುದು ನಮ್ಮ ವ್ಯವಹಾರಶಾಸ್ತ್ರದ ನ್ಯಾಯಕ್ಕೆ ಒಪ್ಪತಕ್ಕುದಲ್ಲ.

7

ಈ ಕ್ರಮವನ್ನು ಮಲೆಗಳಿಗೆ ಅನ್ವಯಿಸಿ ನೋಡೋಣ. ತೋಟದ ಲೈನುಮನೆಯ ಕೂಲಿಯಾಳಿಗೆ ವೈದ್ಯನ ಸಹಿ ಎಂದರೆ ಬರಿಯ ಕಾಗದವಲ್ಲ. 1951ರ ತೋಟಕಾರ್ಮಿಕರ ಶಾಸನವು ತೋಟದಲ್ಲಿ ವೈದ್ಯಸೌಕರ್ಯವನ್ನು ಕಡ್ಡಾಯಮಾಡಿದುದಲ್ಲದೆ, ಕಾಯಿಲೆಯ ದಿನಗಳ ಭತ್ಯವನ್ನು ಅರ್ಹವೈದ್ಯನ ಪ್ರಮಾಣಪತ್ರಕ್ಕೆ ಕಟ್ಟಿಹಾಕಿತು. ಸಹಿ ಸುಳ್ಳಾದರೆ, ಅಥವಾ ಕೊಡತಕ್ಕ ಸಹಿಯನ್ನು ಕೊಡದಿದ್ದರೆ, ಹೋಗುವುದು ಕೂಲಿಯ ಅನ್ನ. ಅಂತಹವನು ದೂರುಕೊಡಬೇಕಾದರೆ ಪರಿಷತ್ತು ಇರುವುದು ಬೆಂಗಳೂರಿನಲ್ಲಿ. ಮೂಡಿಗೆರೆಯಿಂದ ಬೇರ್ಪಟ್ಟು ಈಗ ತಾಲ್ಲೂಕಾಗಿರುವ ಕಳಸದಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಯಾಜ್ಞವಲ್ಕ್ಯನು ರೋಗಿಯ ಅಂತಸ್ತನ್ನು ನೋಡಿ ದಂಡವನ್ನು ಏರಿಳಿಸಿದುದನ್ನು ನಾವು ಈಗ ಒಪ್ಪುವುದಿಲ್ಲ. ಆದರೆ ಶಾಸನವು ಕೈಬಿಟ್ಟ ಆ ತಾರತಮ್ಯವನ್ನು ದೂರವೂ ಖರ್ಚೂ ಮತ್ತೆ ತಂದಿಟ್ಟಿಲ್ಲವೇ? 2007ರ ಖಾಸಗಿ ವೈದ್ಯಸಂಸ್ಥೆಗಳ ಶಾಸನದಿಂದ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲೆಯಲ್ಲಿಯೇ ಒಂದು ಪ್ರಾಧಿಕಾರವು ಏರ್ಪಟ್ಟಿರುವುದು ಒಳ್ಳೆಯದೇ. ಆದರೆ ಅದರ ಕೈ ಸಂಸ್ಥೆಯ ಪರವಾನಗಿಯ ಮೇಲೆ, ವೈದ್ಯನ ಹೆಸರಿನ ಮೇಲಲ್ಲ.

ಇನ್ನು ನಾಟಿವೈದ್ಯ. ಹಾವು ಕಚ್ಚಿದಾಗ, ಮೂಳೆ ಮುರಿದಾಗ ಮಲೆಯ ಜನರು ತಲೆತಲಾಂತರದಿಂದ ನೆನೆಯುತ್ತಿದ್ದುದು ಅವನನ್ನೇ. 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣದಂತಹ ವಿಷವೈದ್ಯಗ್ರಂಥವು ಕನ್ನಡದಲ್ಲಿ ಹುಟ್ಟಿದುದಕ್ಕೆ ಇಂತಹ ಪರಂಪರೆಯೇ ಹಿನ್ನೆಲೆ. 1970ರ ಭಾರತೀಯ ವೈದ್ಯಪದ್ಧತಿಯ ಶಾಸನವು ಮೊದಲೇ ಪಟ್ಟಿಯಲ್ಲಿ ಸೇರಿದ್ದವರ ಹಕ್ಕನ್ನು ಉಳಿಸಿ, ಮುಂದಕ್ಕೆ ಪದವಿಯನ್ನು ಅಗತ್ಯಮಾಡಿತು. ಪದವಿಯಿಲ್ಲದೆ ಪರಂಪರೆಯ ಬಲದಿಂದಲೇ ವೈದ್ಯವೃತ್ತಿ ನಡೆಸುವಂತಿಲ್ಲವೆಂದು 2018ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ವ್ಯಾಜ್ಯವೊಂದರಲ್ಲಿ ತೀರ್ಪಿತ್ತಿತು. ಪ್ರಜೆಗಳ ಪ್ರಾಣದ ದೃಷ್ಟಿಯಿಂದ ಇದು ಸರಿಯೆಂದೇ ಹೇಳಬೇಕು. ಹಾವಿನ ವಿಷಕ್ಕೆ ಪ್ರತಿವಿಷದ ಸೂಜಿಮದ್ದು ಇರುವಾಗ ತಡಮಾಡುವುದು ಸಾವನ್ನು ಕರೆದಂತೆ. ಆದರೂ ಇದರಿಂದ ಒಂದು ವಿಪರ್ಯಾಸ ಉಂಟಾಗಿದೆ. ಪಟ್ಟಿಯ ಹೊರಗಿರುವವನಲ್ಲಿ ಗುರುಪರಂಪರೆಯಿಂದ ಕಲಿತು ತನ್ನ ಮಿತಿಯನ್ನು ಬಲ್ಲವನೂ, ಏನನ್ನೂ ಕಲಿಯದೆ ಸೂಜಿ ಹಿಡಿದವನೂ ಕಾನೂನಿಗೆ ಒಂದೇ. ಇಬ್ಬರಿಗೂ ಎಚ್ಚರಿಕೆಯ ಮಾತಿಲ್ಲ, ಕ್ಲುಪ್ತಕಾಲದ ದಂಡವಿಲ್ಲ. ಇದ್ದರೆ ಸೆರೆ, ಇಲ್ಲವಾದರೆ ಏನೂ ಇಲ್ಲ. ಪರಿಷತ್ತಿನ ದಂಡವು ತಿದ್ದುವ ದಂಡವಾಗಿದ್ದರೂ ಅದು ತಿದ್ದುವುದು ಹೆಸರುಳ್ಳವನನ್ನು ಮಾತ್ರ.

8

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ವೈದ್ಯಕೀಯ ಪರಿಷತ್ತು ಸ್ಮೃತಿಕಾರರ ಪರಿಷತ್ತಿನ ಹೆಸರನ್ನು ಪಡೆದಿದೆ, ಶಿಷ್ಟರ ನಿರ್ಣಯವೆಂಬ ತತ್ತ್ವವನ್ನೂ ಪಡೆದಿದೆ; ಆದರೆ ಅದರ ರಚನೆಯನ್ನು ಪಡೆದಿಲ್ಲ. ಮನುವು ಹನ್ನೆರಡನೆಯ ಅಧ್ಯಾಯದಲ್ಲಿ ಹೇಳುವ ಹತ್ತು ಮಂದಿಯ ಪರಿಷತ್ತಿನಲ್ಲಿ ಮೂವರು ವೇದಜ್ಞರ ಜೊತೆಗೆ ಹೇತುವಾದಿ, ತಾರ್ಕಿಕ, ನಿರುಕ್ತವನ್ನು ಬಲ್ಲವನು, ಧರ್ಮಪಾಠಕ ಇವರೂ, ಮೂರು ಆಶ್ರಮಗಳ ಪ್ರತಿನಿಧಿಗಳೂ ಇರುವರು. ಸಂಶಯವನ್ನು ನಿರ್ಣಯಿಸುವವರು ಬೇರೆಬೇರೆ ವಿದ್ಯೆಯವರೂ ಬೇರೆಬೇರೆ ಜೀವನಸ್ಥಿತಿಯವರೂ ಆಗಿರಬೇಕೆಂಬುದು ಇದರ ಆಶಯ. ನಮ್ಮ ವೈದ್ಯಕೀಯ ಪರಿಷತ್ತಿನಲ್ಲಿಯಾದರೋ ಬಹುಮಟ್ಟಿಗೆ ವೈದ್ಯರೇ ಕುಳಿತಿರುವರು. ಈ ಪದ್ಧತಿಯ ತವರಾದ ಇಂಗ್ಲೆಂಡು ಈಗ ತನ್ನ ಪರಿಷತ್ತಿನ ಹನ್ನೆರಡು ಸ್ಥಾನಗಳಲ್ಲಿ ಆರನ್ನು ವೈದ್ಯರಲ್ಲದವರಿಗೆ ಬಿಟ್ಟುಕೊಟ್ಟಿದೆ. 2012ರಿಂದ ತೀರ್ಪುಹೇಳುವ ಸಭೆಯನ್ನು ದೂರನ್ನು ಶೋಧಿಸುವ ವಿಭಾಗದಿಂದ ಬೇರ್ಪಡಿಸಿದೆ. ಮನುವಿನ ಹತ್ತು ಮಂದಿಯ ಕಡೆಗೆ ಅದು ತಿಳಿಯದೆಯೇ ಒಂದು ಹೆಜ್ಜೆ ಇಟ್ಟಿದೆಯೆನ್ನಬಹುದು.

ಕುವೈದ್ಯನು ಬಾಳುವುದು ರಾಜನ ಪ್ರಮಾದದಿಂದ ಎಂಬ ಸಂಹಿತಾಕಾರರ ಮಾತಿಗೆ ಈಗಲೂ ಅರ್ಥವಿದೆ. ಮಲೆಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯನಿದ್ದರೆ ಸೂಜಿ ಹಿಡಿದ ವಂಚಕನ ಬಳಿಗೆ ಯಾರೂ ಹೋಗರು. ದೂರು ಕೇಳುವ ಪೀಠವು ವರ್ಷಕ್ಕೆ ಕೆಲವು ಸಲವಾದರೂ ಚಿಕ್ಕಮಗಳೂರಿಗೆ ಬಂದು ಕುಳಿತರೆ ಕಳಸದ ಕೂಲಿಗೂ ನ್ಯಾಯದ ಬಾಗಿಲು ಕಾಣುವುದು. ಚೀಟಿಯ ಮೇಲಿನ ನೋಂದಣಿಸಂಖ್ಯೆಯನ್ನು ಓದಿ ಪರೀಕ್ಷಿಸುವುದನ್ನು ಊರಿನ ಶಾಲೆಯ ಉಪಾಧ್ಯಾಯರು ಜನರಿಗೆ ಕಲಿಸಬಹುದು. ಈ ಮೂರರಲ್ಲಿ ಮೊದಲನೆಯದೂ ಎರಡನೆಯದೂ ರಾಜ್ಯದ ಕೆಲಸ, ಮೂರನೆಯದು ನಮ್ಮದು. ವೈದ್ಯನ ಹೆಸರನ್ನು ಹೊಡೆದುಹಾಕುವ ಅಧಿಕಾರವು ಎಷ್ಟೇ ದೊಡ್ಡದಾಗಿರಲಿ, ಆ ಹೆಸರನ್ನು ಕೇಳಿ ತಿಳಿದುಕೊಳ್ಳುವ ರೋಗಿಗಳಿಲ್ಲದ ಕಡೆಯಲ್ಲಿ ಅದು ನಡೆಯಲಾರದು.